ಕೆಂಚನಕಟ್ಟಿ ಕೆರೆಯ ಬಾಣಂತಿ ಕೋಲು

ಹೇಳಿಕೆ ಕೊಟ್ಟವರು: ನರಸಿಂಹ ತಂದೆ ರಾಮಾಚಾರ್ಯ ಹುಲಗೂರ, ವಯಸ್ಸು 47 ವರ್ಷ, ಉದ್ಯೋಗ ದಿನಪತ್ರಿಕೆಗಳ ಏಜೆಂಟ್ ಹಾಗೂ ಪಾಟಿ-ಪುಸ್ತಕದ ಅಂಗಡಿ, ವಾಸ ಹಾನಗಲ್, ಬಸ್ ನಿಲ್ದಾಣದ ಎದುರು, ಜಿಲ್ಲಾ ಧಾರವಾಡ.

ಬರೆದುಕೊಂಡವರು: ಹೆಡ್ ಜಮಾದಾರ ಫಕ್ಕೀರಪ್ಪ.

ನನ್ನನ್ನು ಯಾರೂ ಕರೆಸಿಲ್ಲ. ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಭಾನುವಾರ ತಾರೀಖು 6ರ ಬೆಳಿಗ್ಗೆ ಕೆಂಚನಕಟ್ಟಿ ಗ್ರಾಮದ ಮಾದೇವಿ ಗಂಡ ಬೀರಪ್ಪ, ವಯಸ್ಸು 22, ಇವಳು ಕೆರೆಗೆ ಹಾರಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿದಳೆಂದು ಆ ಊರಿನ ಪೊಲೀಸ್ ಪಾಟೀಲ ಹನುಮಂತಪ್ಪ ಇವರು ವರದಿ ಕೊಟ್ಟಿದ್ದಾರೆ. ಅದರ ಮೇಲೆ ಮಾದೇವಿಯ ವಿರುದ್ಧ ಕೇಸು ನಿಲ್ಲುವುದಿದೆ ಎಂದು ತಿಳಿಯಿತು. ಅವಳು ಸಾಯಲು ಹೋಗಿರಲಿಲ್ಲ. ಆ ಹೊತ್ತಿಗೆ ನಾನು ಕೆರೆಯ ದಂಡೆಯಲ್ಲಿದ್ದೆ, ಮೊದಲಿನಿಂದ ಕೊನೆಯವರೆಗೆ ನೋಡಿದ್ದೇನೆ.

ನಾನು ಅಲ್ಲಿ ಏಕೆ ಇದ್ದೆ ಎಂಬುದನ್ನು ಮೊದಲು ಹೇಳಬೇಕು. ನಮ್ಮದು ವೈಷ್ಣವ ಮನೆತನ. ಅಡುಗೆ ಮನೆಯೊಳಗೆ ಉಳ್ಳಾಗಡ್ಡಿಯೂ ಬರುವುದಿಲ್ಲ. ಹೀಗಿದ್ದೂ ನನಗೆ ಗಾಳ ಹಾಕುವ ಹವ್ಯಾಸವಿದೆ. ಇದನ್ನು ಬರೆಯಲೋ ಬಿಡಲೋ ಎಂದು ಜಮಾದಾರರು ಪೆನ್ನು ಎತ್ತಿ ಹಿಡಿದು ಕೇಳಿದರು. ಬರೆಯಿರಿ ಎಂದೆ. ಇದನ್ನು ಬಿಟ್ಟರೆ ಮುಂದಿನದಕ್ಕೆ ಆಧಾರವಿರುವುದಿಲ್ಲ.

ನನ್ನ ಅಂಗಡಿಯ ಪಕ್ಕದಲ್ಲಿ ಸೈಕಲ್ ದುರಸ್ತಿ ಮಾಡುತ್ತಿದ್ದ ನೆರೆಯವರು ನನಗೆ ಗಾಳ ಹಾಕುವುದನ್ನು ಕಲಿಸಿದರು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಅವರ ಬಿದಿರಿನ ಕೋಲು ನನ್ನ ಹತ್ತಿರ ಇದೆ. ನಾನು ಮೀನು ತಿನ್ನುವುದಿಲ್ಲ, ಮಾರುವುದಿಲ್ಲ. ಸಿಕ್ಕ ಮೀನನ್ನು ಅವರ ಹೆಂಡತಿ ಹಮೀದುನ್ನೀಸಾ ಅವರ ಮನೆಯ ಹಿತ್ತಲ ಬಾಗಿಲಿಗೆ ಕೊಟ್ಟು, ಬಾವಿಯಲ್ಲಿ ಸ್ನಾನ ಮಾಡಿ ಮನೆಗೆ ಹೋಗುತ್ತೇನೆ. ಈ ಸಂಗತಿ ನನ್ನ ಹೆಂಡತಿ ಯಮುನಾಬಾಯಿಗೆ ಗೊತ್ತಿಲ್ಲವೆಂದು ನಿನ್ನೆಯವರೆಗೆ ನಾನು ತಿಳಿದುಕೊಂಡಿದ್ದೆ.

ನಾನು ಹಿಡಿಯುವುದು ಮುರ್ಲು ಎಂಬ ಮೀನನ್ನು. ಇದು ಹಾವಿನ ತಲೆಯಂಥ ತಲೆಯುಳ್ಳ, ಕಪ್ಪೆ ಮತ್ತು ಸಣ್ಣ ಮೀನುಗಳನ್ನು ನುಂಗಿ ಬದುಕುವ ಮೀನು. ಕೆಂಚನಕಟ್ಟಿ ಕೆರೆಯಲ್ಲಿ ತಾವರೆ ಬಳ್ಳಿ ಬೆಳೆದ ಮೂಡಣ ಮೂಲೆಯಲ್ಲಿ ಹೆಚ್ಚು. ಮಳೆಗಾಲದ ಮೊದಲಲ್ಲಿ ಗಂಡು ಹೆಣ್ಣು ಎರಡೂ ಸೇರಿ ಬಳ್ಳಿಯನ್ನು ಸರಿಸಿ, ಪಾತಿಯಷ್ಟು ಜಾಗ ಹಸನು ಮಾಡಿ ತತ್ತಿ ಇಡುತ್ತವೆ. ಮರಿಗಳು ಕೆಂಪಗಿರುತ್ತವೆ. ನೂರಾರು ಮರಿ ಒಂದೇ ಗುಂಪಾಗಿ ಮೇಲೆ ಬಂದರೆ ನೀರಿನಲ್ಲಿ ಕುಂಕುಮ ಕದಡಿದಂತೆ ಕಾಣುತ್ತದೆ. ತಂದೆ ತಾಯಿ ಎರಡೂ ಆ ಗುಂಪಿನ ಕೆಳಗೇ ತಿರುಗುತ್ತ ಕಾಯುತ್ತವೆ. ಗುಂಪಿನ ಮೇಲೆ ಏನೇ ಬಿದ್ದರೂ ಹಸಿವೆ ಇರಲಿ ಬಿಡಲಿ ಹಾರಿ ಕಚ್ಚುತ್ತವೆ. ಗಾಳ ಹಾಕುವವರಿಗೆ ಇದು ಗೊತ್ತಿರುವುದರಿಂದ ಕೆಂಪು ಗುಂಪು ಕಂಡಲ್ಲಿಯೇ ಗಾಳ ಬಿಡುತ್ತಾರೆ.

ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚಲು ನನಗೆ ಮನಸ್ಸಾಗುವುದಿಲ್ಲ. ಆದ್ದರಿಂದ ಕುಪ್ಪಸದ ಹಸಿರು ಖಣದ ತುಂಡಿನಲ್ಲಿ ಅರಳೆ ತುಂಬಿ, ಕಪ್ಪು ದಾರದಿಂದ ನಾಲ್ಕು ಕಾಲು ಮಾಡಿ, ಎರಡು ಮಣಿ ಹೊಲಿದು ಕಪ್ಪೆ ಮಾಡಿಕೊಂಡಿದ್ದೇನೆ. ದಾರ ಅದರ ಹೊಟ್ಟೆಯ ಮೂಲಕ ಹಾದುಹೋಗುವುದರಿಂದ ಮೀನು ಜಗ್ಗಿದಾಗ ಕಪ್ಪೆ ದಾರದ ಮೇಲೆ ಸರಿಯುತ್ತದೆ. ನಿನ್ನೆಯ ಪಂಚನಾಮೆಯಲ್ಲಿ ‘ಮಾಟದ ಗೊಂಬೆ, ಒಂದು’ ಎಂದು ಬರೆದಿರುವುದು ಇದೇ ಕಪ್ಪೆ.

ತಾರೀಖು 5 ಶನಿವಾರ ಸಂಜೆ ಐದರ ಸುಮಾರಿಗೆ ನಾನು ಸೈಕಲ್ಲಿನ ಮೇಲೆ ಕೆಂಚನಕಟ್ಟಿಗೆ ಹೋದೆ. ಹಾನಗಲ್ಲಿನಿಂದ ನಾಲ್ಕು ಮೈಲು. ಸೈಕಲ್ಲನ್ನು ಯಾವಾಗಲೂ ಕೆರೆಯ ಬುಡದಲ್ಲಿರುವ ಬೀರಪ್ಪನ ಮನೆಯ ಅಂಗಳದಲ್ಲಿ ಬಿಡುತ್ತೇನೆ. ಮೂಡಣ ಮೂಲೆಯಲ್ಲಿ ಮರಿಗಳ ಗುಂಪು ಇತ್ತು. ಅದರಿಂದ ಹತ್ತು ಮೊಳ ಆಚೆ ನೀರಿನಲ್ಲಿ ಒಂದು ಬಿದಿರಿನ ಕೋಲು ನೆಟ್ಟಿದ್ದರು, ತುದಿಗೆ ಕೆಂಪು ಬಟ್ಟೆ ಕಟ್ಟಿತ್ತು. ತಾಲೂಕಿನ ಕೆರೆಗಳ ಹೂಳು ತೆಗೆಯಲು ಸರ್ವೆ ನಡೆಯಲಿದೆ ಎಂಬ ಸುದ್ದಿಯನ್ನು ನಾನು ಹಿಂದಿನ ವಾರವೇ ಪತ್ರಿಕೆಯಲ್ಲಿ ಓದಿದ್ದೆ. ಇದು ಸರ್ವೆಯವರು ನೆಟ್ಟ ಗುರುತು ಎಂದುಕೊಂಡು, ಇಷ್ಟು ಬೇಗ ಕೆಲಸ ಶುರುವಾಯಿತಲ್ಲ ಎಂದು ಸಂತೋಷವೂ ಆಯಿತು. ಗುಂಪಿನ ನಡುವೆ ಗಾಳ ಬಿಟ್ಟೆ. ಕೂಡಲೇ ದೊಡ್ಡ ಮೀನು ಹಿಡಿಯಿತು. ಐದಾರು ಸೇರಿನ ಮೇಲೆ ಇದ್ದೀತು. ಅದು ತಾವರೆ ಬಳ್ಳಿಯೊಳಗೆ ನುಗ್ಗಿ ದಾರವನ್ನು ದಂಟಿಗೆ ಸುತ್ತಿಸಿತು, ನನ್ನ ಕಡೆಯ ತುದಿ ಹರಿಯಿತು. ದಂಟಿಗೆ ಸಿಕ್ಕ ದಾರದ ಆಚೆ ತುದಿಯಲ್ಲಿ ಮೀನು ಹಾಗೆಯೇ ಉಳಿಯಿತು. ಒಂದು ಸಲ ಮೂತಿಯನ್ನು ಕಷ್ಟದಿಂದ ನೀರಿನ ಮೇಲೆ ತಂದದ್ದನ್ನು ನೋಡಿದೆ. ನನಗೆ ಈಜು ಬಾರದು. ಕತ್ತಲಾಗುತ್ತಿತ್ತು.

ಸೈಕಲ್ ತೆಗೆದುಕೊಳ್ಳಲು ಹೋದಾಗ ಬೀರಪ್ಪನ ತಾಯಿ ಹೊಳೆವ್ವ ಕಟ್ಟೆಯ ಮೇಲೆ ಕುಳಿತು ಸೊಪ್ಪು ಸೋಸುತ್ತಿದ್ದಳು. ಮೀನು ತಪ್ಪಿಸಿಕೊಂಡ ವಿಷಯ ಅವಳಿಗೆ ಹೇಳಿದೆ. ಎಲ್ಲಿ ಎಂದು ಕೇಳಿದಳು. ಸರ್ವೆ ಕೋಲಿನ ಹತ್ತಿರ ಎಂದೆ. ಹೊಳೆವ್ವ ಸೊಪ್ಪು ಸೋಸುವುದನ್ನು ನಿಲ್ಲಿಸಿದಳು. ಮೆಲ್ಲಗೆ ಹೇಳಿದಳು:

“ಅದು ಸರ್ವೆ ಕೋಲಲ್ರೀ ಆಚಾರ್ರ. ಬಾಣಂತಿ ಕೋಲು. ನಮ್ಮ ಮಾದೇವಿ ಊರಿದ್ದು.”

ಆಮೇಲೆ ಅವಳು ತಿಳಿಸಿದ್ದೇನೆಂದರೆ, ಮುರ್ಲಿನ ಕೆಂಪು ಮರಿ ಮೊದಲು ಕಂಡಾಗ ಕೆರೆ ಬುಡದ ಮನೆಗಳಲ್ಲಿ ದಿನ ತುಂಬಿದ ಬಸಿರಿ ಇದ್ದರೆ ಅವಳ ಕೈಯಿಂದ ಆ ಕೋಲು ನೆಡಿಸುತ್ತಾರೆ. ಮರಿ ಕಪ್ಪಾಗಿ ಚೆದರುವವರೆಗೆ ಅಲ್ಲಿ ಯಾರೂ ಗಾಳ ಹಾಕುವುದಿಲ್ಲ, ಬಲೆ ಬೀಸುವುದಿಲ್ಲ, ಎಮ್ಮೆ ಇಳಿಸುವುದಿಲ್ಲ. ಆ ಹೊತ್ತಿಗೆ ಮನೆಯ ಬಾಣಂತಿಯೂ ಹೊರಗೆ ಬರುವಂತಾಗುತ್ತಾಳೆ. ಕೂಸನ್ನು ಎತ್ತಿಕೊಂಡು ಹೋಗಿ ಕೆರೆಗೆ ತೋರಿಸಿ ಕೋಲು ಕೀಳುತ್ತಾರೆ. ಈ ಸಲ ಮಾದೇವಿ ಕೋಲು ನೆಟ್ಟ ನಾಲ್ಕನೆಯ ದಿನ ಹೆರಿಗೆಯಾಯಿತು. ಹೆಣ್ಣು ಕೂಸು. ಮೂರು ದಿನ ಇತ್ತು. ಕೋಲನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯದೆ ಅದು ಹಾಗೆಯೇ ನಿಂತಿತ್ತು.

ಕೂಸು ತೀರಿಕೊಂಡ ವಿಷಯ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಾದೇವಿ ಒಳಗೆ ಬಾಣಂತಿ ಕೋಣೆಯಲ್ಲಿದ್ದಳು. ಬಾಗಿಲಿಗೆ ಗೋಣಿ ತಟ್ಟಿನ ಪರದೆ ಇತ್ತು. ಅದರ ಹಿಂದಿನಿಂದ ಅವಳು ಮೀನು ಸತ್ತಿದೆಯೇ ಎಂದು ಕೇಳಿದಳು. ಸತ್ತಿಲ್ಲ ಎಂದೆ. ನೀರಿನಲ್ಲಿಯೇ ಇದೆಯಲ್ಲ, ಹಾಗಾದರೆ ಬದುಕುತ್ತದೆ ಅಲ್ಲವೇ ಎಂದು ಕೇಳಿದಳು. ನನಗೆ ತಿಳಿದದ್ದನ್ನು ಹೇಳಿದೆ: ಈ ಮೀನು ಬೇರೆ ಮೀನುಗಳಂತಲ್ಲ, ಇದಕ್ಕೆ ನೀರಿನ ಉಸಿರು ಸಾಲದು, ಆಗಾಗ ಮೇಲೆ ಬಂದು ನಮ್ಮಂತೆ ಗಾಳಿ ಕುಡಿಯಲೇಬೇಕು. ದಾರ ದಂಟಿಗೆ ಇನ್ನೂ ಸುತ್ತಿಕೊಂಡು ಗಿಡ್ಡವಾದರೆ ಮೂತಿ ಮೇಲಕ್ಕೆ ಮುಟ್ಟುವುದಿಲ್ಲ, ನೀರಿನಲ್ಲಿಯೇ ಉಸಿರುಗಟ್ಟಿ ಸಾಯುತ್ತದೆ. ಎಷ್ಟು ಹೊತ್ತು ತಡೆದೀತು ಎಂದು ಕೇಳಿದಳು. ಹೇಳಲಾಗದು, ಮುಂಜಾನೆಯವರೆಗೆ ಇದ್ದರೂ ಇದ್ದೀತು ಎಂದೆ. ಬೀರಪ್ಪ ಎತ್ತು ನೋಡಲು ಹಿರೇಕೆರೂರ ಕಡೆಗೆ ಹೋಗಿದ್ದ, ಭಾನುವಾರ ಬರುವವನಿದ್ದ. ಅವನು ಬಂದ ಕೂಡಲೇ ನೀರಿಗೆ ಇಳಿಸಿ ದಾರ ಕೊಯ್ಯಿಸುವುದೆಂದು ಹೊಳೆವ್ವನೂ ನಾನೂ ಮಾತಾಡಿಕೊಂಡೆವು.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಭಾನುವಾರ ಹುಬ್ಬಳ್ಳಿ ಬಸ್ಸು ಪತ್ರಿಕೆ ತರುವುದರೊಳಗೆ ತಿರುಗಿ ಬಂದರಾಯಿತೆಂದು ಬೆಳಗಿನ ಐದಕ್ಕೆ ಹೊರಟೆ. ಕೆರೆ ಮುಟ್ಟಿದಾಗ ಆಗಷ್ಟೇ ಬೆಳಕಾಗಿತ್ತು. ನಾನು ಏರಿಯ ಮೇಲಿದ್ದೆ. ಮೂಡಣ ಮೂಲೆ ಅಲ್ಲಿಂದ ಸುಮಾರು ಐವತ್ತು ಗಜ. ಮಾದೇವಿ ಅಲ್ಲಿ ನೀರಿನ ಅಂಚಿನಲ್ಲಿ ಒಬ್ಬಳೇ ನಿಂತಿದ್ದಳು.

ಇಲ್ಲಿಂದ ಮುಂದಿನದನ್ನು ನಾನು ಕಂಡ ಕ್ರಮದಲ್ಲಿಯೇ ಬರೆದುಕೊಳ್ಳಬೇಕೆಂದು ಜಮಾದಾರರಲ್ಲಿ ವಿನಂತಿಸಿದೆ. ಮಾದೇವಿ ತಲೆಗೂ ಕಿವಿಗೂ ಕಟ್ಟಿಕೊಂಡಿದ್ದ ಬಟ್ಟೆಯನ್ನು ಬಿಚ್ಚಿದಳು. ನಾಲ್ಕು ಮಡಿಕೆ ಮಾಡಿ ದಂಡೆಯ ಮೇಲಿಟ್ಟು, ಗಾಳಿಗೆ ಹಾರಬಾರದೆಂದು ಮೇಲೊಂದು ಕಲ್ಲು ಹೇರಿದಳು. ಭತ್ತದ ನಾಟಿಗೆ ಇಳಿಯುವಂತೆ ಸೀರೆಯ ಕಚ್ಚೆ ಹಾಕಿದಳು. ಒಂದು ಕೈಯಲ್ಲಿ ಕುಡಗೋಲು, ಇನ್ನೊಂದರಲ್ಲಿ ಬಡಿಗೆ ಇತ್ತು. ಬಡಿಗೆಯಿಂದ ಮುಂದಿನ ಆಳ ನೋಡಿ, ನೆಲ ಸಿಕ್ಕ ಮೇಲೆಯೇ ಕಾಲಿಡುತ್ತಿದ್ದಳು. ಒಂದು ಕಡೆ ಬಡಿಗೆ ಪೂರ್ತಿ ಇಳಿಯಿತು. ಅವಳು ಹಿಂದೆ ಸರಿದು ಬೇರೆ ಕಡೆಯಿಂದ ಹೋದಳು. ನಾನು ಹೆಸರು ಹಿಡಿದು ಕೂಗಿದೆ. ತಿರುಗಿ ನೋಡಿ, ಸುಮ್ಮನಿರುವಂತೆ ಕೈ ಮಾಡಿದಳು.

ಎದೆಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದ ಬಳ್ಳಿಯನ್ನು ತಡಕಾಡಿದಳು. ಆಮೇಲೆ ಬಡಿಗೆಯನ್ನು ಕೆಸರಿನಲ್ಲಿ ಊರಿ, ಉಸಿರು ಹಿಡಿದುಕೊಂಡು ಒಂದು ಸಲ ಮುಳುಗಿದಳು. ಇದೇ ಹೊತ್ತಿಗೆ ಆಚೆ ಕಡೆಯಿಂದ ಉಳಿವೆಪ್ಪ ಎಂಬ ರೈತ ಎಮ್ಮೆ ಹೊಡೆದುಕೊಂಡು ಏರಿಗೆ ಬಂದ. ಅವನು ಕಂಡದ್ದು ತಲೆ ಮುಳುಗಿದ್ದನ್ನು ಮಾತ್ರ. ಎಳೇ ಬಾಣಂತಿ, ಕೂಸು ಸತ್ತಾಕೆ, ಬೆಳಗಿನ ತಣ್ಣೀರಿನಲ್ಲಿ ಮುಳುಗುವುದನ್ನು ಕಂಡವನು ಬೇರೆ ಏನು ತಿಳಿಯುತ್ತಾನೆ. ಅವನ ತಪ್ಪಿಲ್ಲ. ಅವನು ಕೂಗುತ್ತ ಓಡಿಬಂದ.

ಅಷ್ಟರಲ್ಲಿ ಮಾದೇವಿ ಮೇಲೆ ಎದ್ದಳು. ಅವಳ ಕೈಯಲ್ಲಿ ಕೊಯ್ದ ದಾರವೂ ಹಸಿರು ಕಪ್ಪೆಯೂ ಇದ್ದವು. ಅವಳಿಂದ ಒಂದು ಮಾರು ದೂರದಲ್ಲಿ ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿ ಕುಡಿಯಿತು. ಆ ಶಬ್ದ ಏರಿಯ ಮೇಲೆ ನನಗೂ ಕೇಳಿಸಿತು, ತುಂಬಿದ ಕೊಡ ಬಗ್ಗಿಸಿದಾಗ ಆಗುವಂಥ ಶಬ್ದ. ಮುಳುಗಿ ಮತ್ತೆ ಬಂತು, ಮತ್ತೆ ಕುಡಿಯಿತು. ಕೆಂಪು ಮರಿಗಳ ಗುಂಪು ಬಳ್ಳಿಯೊಳಗಿಂದ ಹೊರಬಂದು ಮಾದೇವಿಯ ಸುತ್ತ ನೀರನ್ನೆಲ್ಲ ಕೆಂಪು ಮಾಡಿತು. ಅವಳು ಕೈ ಮೇಲೆತ್ತಿಕೊಂಡು ಅಲುಗಾಡದೆ ನಿಂತಳು. ಮೀನಿಗೆ ಏನೋ ಹೇಳಿದಳು. ಅದು ನನಗೆ ಕೇಳಿಸಲಿಲ್ಲವಾದ್ದರಿಂದ ಹೇಳಿಕೆಯಲ್ಲಿ ಸೇರಿಸುವುದಿಲ್ಲ. ಅವಳ ಮುಖ ನನ್ನ ಕಡೆಗಿತ್ತು. ಸಾಯುವವರ ಮುಖ ನಾನು ನೋಡಿಲ್ಲ, ಆದರೆ ಅದು ಅಂಥದ್ದಲ್ಲ.

ಉಳಿವೆಪ್ಪ ನೀರಿಗೆ ಧುಮುಕಿ ಅವಳ ಕೂದಲು ಹಿಡಿದು ಎಳೆದ. ಅವಳು ಕೊಸರಾಡಿದಳು. ಕೊಸರಾಡಿದ್ದು ಸಾಯುವ ಹಟದಿಂದ ಎಂದು ವರದಿಯಲ್ಲಿದೆ. ಅವಳು ಕೂಗಿ ಹೇಳಿದ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿದೆ:

“ಬಿಡೋ ಕಾಕಾ, ಮರಿಗೋಳನ್ನ ತುಳೀಬ್ಯಾಡ.”

ಉಳಿವೆಪ್ಪ ಇದನ್ನು ಸತ್ತ ಕೂಸಿನ ಹಂಬಲ ಎಂದು ತಿಳಿದು ಅಳುತ್ತಲೇ ಅವಳನ್ನು ದಂಡೆಗೆ ತಂದ.

ಊರವರು ಕೂಡಿದರು. ಪೊಲೀಸ್ ಪಾಟೀಲರು ಬಂದರು. ಏಕೆ ಹೋಗಿದ್ದೆ ಎಂದು ಕೇಳಿದಾಗ ಮಾದೇವಿ, ಮೀನಿಗೆ ಉಸಿರುಗಟ್ಟಿತ್ತು ಎಂದಳು. ನೀರಿನಲ್ಲಿರುವ ಮೀನಿಗೆ ಉಸಿರುಗಟ್ಟುವುದುಂಟೇ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. ಮುಷ್ಟಿ ಬಿಚ್ಚಿಸಿದಾಗ ಕಪ್ಪು ದಾರ ಸುತ್ತಿದ, ಮಣಿಗಣ್ಣಿನ ಬಟ್ಟೆಯ ಗೊಂಬೆ ಸಿಕ್ಕಿತು. ಹೆಂಗಸರು ಹಿಂದೆ ಸರಿದರು. ಯಾರೋ ಮಾಟ ಮಾಡಿಸಿದ್ದಾರೆ, ಅದಕ್ಕೇ ಕೂಸು ಹೋಯಿತು, ಈಗ ಇವಳ ಬುದ್ಧಿಯೂ ಹೋಗಿದೆ ಎಂದು ಮಾತು ಹುಟ್ಟಿತು. ಗೊಂಬೆಯನ್ನು ಮುಟ್ಟಲು ಯಾರೂ ಒಪ್ಪದೆ ಬೇವಿನ ಕಡ್ಡಿಯಿಂದ ಎತ್ತಿ ಗಡಿಗೆಯಲ್ಲಿ ಹಾಕಿದರು. ಅಂಥ ಮೂರು ಕಪ್ಪೆ ನನ್ನ ಅಂಗಡಿಯಲ್ಲಿ ಇನ್ನೂ ಇವೆ, ಬೇಕಾದರೆ ಹಾಜರುಪಡಿಸುತ್ತೇನೆ.

ನಾನು ಪಾಟೀಲರನ್ನು ಪಕ್ಕಕ್ಕೆ ಕರೆದು, ಅದು ನನ್ನ ಗಾಳದ ಕಪ್ಪೆ ಎಂದು ಹೇಳಿದೆ. ಪಾಟೀಲರು ಒಳ್ಳೆಯ ಮನುಷ್ಯರು. ನನ್ನ ಕೈ ಹಿಡಿದುಕೊಂಡು ಹೇಳಿದರು:

“ನಿಮ್ಮ ಹೆಸರು ಇದರಾಗ ಬ್ಯಾಡ ಬಿಡ್ರಿ ಆಚಾರ್ರ. ನಾಳೆ ಮಠದವರು ಏನಂದಾರು? ನೀವು ಇತ್ತಾಗ ಬಂದಿದ್ದs ಇಲ್ಲ ಅಂತ ತಿಳೀರಿ.”

ವರದಿಯಲ್ಲಿ ನನ್ನ ಹೆಸರು ಇಲ್ಲದಿರುವುದಕ್ಕೆ ಕಾರಣ ಇದು. ನನ್ನ ಮೇಲಿನ ಗೌರವದಿಂದ ಅವರು ಹಾಗೆ ಮಾಡಿದರು. ಆದರೆ ನನ್ನ ಹೆಸರು ಬಿಟ್ಟುಹೋದಾಗ ಗಾಳವೂ ಬಿಟ್ಟುಹೋಯಿತು, ದಾರವೂ ಬಿಟ್ಟುಹೋಯಿತು, ಮೀನೂ ಬಿಟ್ಟುಹೋಯಿತು. ಕೊನೆಗೆ ಉಳಿದದ್ದು ನೀರಿನಲ್ಲಿ ಮುಳುಗಿದ ಒಬ್ಬ ಬಾಣಂತಿ ಮಾತ್ರ.

ಮಧ್ಯಾಹ್ನ ಬೀರಪ್ಪ ಹಿರೇಕೆರೂರಿನಿಂದ ನೇರವಾಗಿ ನನ್ನ ಅಂಗಡಿಗೆ ಬಂದ. ಊರಿನ ಸುದ್ದಿ ಅವನಿಗೆ ಬಸ್ಸಿನಲ್ಲಿಯೇ ತಿಳಿದಿತ್ತು. ತಾನು ಎತ್ತು ನೋಡಲು ಹೋಗಬಾರದಿತ್ತು ಎಂದ. ನಾನು ನಡೆದದ್ದನ್ನು ಹೇಳಿದೆ. ಸಾಯಲು ಹೋಗಿರಲಿಲ್ಲವೇ ಎಂದು ಅವನು ಎರಡು ಸಲ ಕೇಳಿದ. ಇಲ್ಲ ಎಂದು ಎರಡು ಸಲ ಹೇಳಿದೆ. ಅಂಗಡಿಯ ಮೆಟ್ಟಿಲಿನ ಮೇಲೆ ಜನರ ಎದುರಿಗೇ ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಸಂಜೆ ಮನೆಯಲ್ಲಿ ಯಮುನಾಬಾಯಿಗೆ ಎಲ್ಲವನ್ನೂ ಹೇಳಿ, ನಾಳೆ ಠಾಣೆಗೆ ಹೋಗಿ ಬರೆಸಬೇಕೆಂದಿದ್ದೇನೆ, ಊರಿಗೆಲ್ಲ ಗೊತ್ತಾಗುತ್ತದೆ ಎಂದೆ. ಅವಳು ಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತದೆ ಹೇಳಿದಳು:

“ನಿಮ್ಮ ಧೋತರ ಒಗಿಯಾಕಿ ನಾನs ಅಲ್ಲೇನು? ಇಷ್ಟು ವರ್ಷ ವಾಸನಿ ಬರಲಾರದs ಇರ್ತದೇನು? ನೀವಾಗೇ ಹೇಳಲಿ ಅಂತ ಸುಮ್ನಿದ್ದೆ.”

ಆಮೇಲೆ, ಆ ಹುಡುಗಿಗೆ ಮೈ ಬೆಚ್ಚಗಿಟ್ಟುಕೊಳ್ಳಲು ಏನಾದರೂ ಇದೆಯೋ ಇಲ್ಲವೋ ಎಂದು ಕೇಳಿದಳು. ತಾನೂ ಠಾಣೆಗೆ ಬರುವುದಾಗಿ ಹೇಳಿದಳು.

ಇಂದು ಬೆಳಿಗ್ಗೆ ನಾನೂ ಯಮುನಾಬಾಯಿಯೂ ಹತ್ತು ಗಂಟೆಗೆ ಠಾಣೆಗೆ ಬಂದೆವು. ಜಮಾದಾರರು ಚಹಾ ತರಿಸಿದರು. ಏಕಾದಶಿಯಾದ್ದರಿಂದ ನಾವು ತೆಗೆದುಕೊಳ್ಳಲಿಲ್ಲ. ನನ್ನ ಮಾತು ಕೇಳಿದ ಮೇಲೆ ಜಮಾದಾರರು, ಉಳಿದದ್ದೆಲ್ಲ ಸರಿ, ಮೀನಿಗೆ ನೀರಿನಲ್ಲಿ ಉಸಿರುಗಟ್ಟುತ್ತದೆ ಎಂಬುದನ್ನು ಫೌಜದಾರರಿಗೆ ಹೇಗೆ ಹೇಳಲಿ, ನನ್ನನ್ನೇ ಹುಚ್ಚ ಅಂದಾರು ಎಂದರು. ಅವರು ಸವಣೂರಿನ ಸಂತೆಯಲ್ಲಿ ಮುರ್ಲು ಕೊಂಡದ್ದುಂಟೇ ಎಂದು ನಾನು ಕೇಳಿದೆ. ಉಂಟು ಎಂದರು. ಜೀವ ಇರುವುದನ್ನೋ ಸತ್ತದ್ದನ್ನೋ ಎಂದು ಕೇಳಿದೆ. ಜೀವ ಇರುವುದನ್ನೇ, ಒದ್ದೆ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದರೂ ಮನೆಯಲ್ಲಿ ಅಂಗಳದ ತುಂಬ ಒದ್ದಾಡಿ ಹೆಂಡತಿಯನ್ನು ಓಡಿಸಿತ್ತು ಎಂದರು. ಬೇರೆ ಮೀನು ಹಾಗೆ ಬಂದೀತೇ ಎಂದೆ. ಅವರು ಪೆನ್ನಿನ ನಿಬ್ಬು ಒರೆಸಿಕೊಂಡು ಬರೆಯತೊಡಗಿದರು.

ಆಮೇಲೆ ಗಡಿಗೆಯನ್ನು ತರಿಸಿ ಮೇಜಿನ ಮೇಲಿಟ್ಟು ಬಾಯಿ ಬಿಚ್ಚಿದರು. ಪೇದೆಗಳು ದೂರ ನಿಂತರು. ಯಮುನಾಬಾಯಿ ಕೈ ಹಾಕಿ ಕಪ್ಪೆಯನ್ನು ಹೊರತೆಗೆದು, ತಿರುವಿ ನೋಡಿ, ಇದು ತನ್ನ ಗುಳೇದಗುಡ್ಡದ ಖಣ, ತಮ್ಮನ ಮದುವೆಯಲ್ಲಿ ತವರಿನವರು ಕೊಟ್ಟದ್ದು, ಇಲಿ ಕಡಿದು ಒಯ್ದಿದೆ ಎಂದು ತಾನು ಮೂರು ವರ್ಷ ಇಲಿಯನ್ನು ಬಯ್ದಿರುವುದಾಗಿ ಹೇಳಿದಳು. ಹೊಲಿಗೆ ಚೆನ್ನಾಗಿಲ್ಲ ಎಂದೂ ಹೇಳಿದಳು. ಉಳಿದ ಖಣವನ್ನು ಅವಳು ಮನೆಯಿಂದ ತರಿಸಿದಳು. ಎರಡರ ಅಂಚನ್ನೂ ಹೊಂದಿಸಿ ನೋಡಲಾಯಿತು. ಹೊಂದಿತು.

ಮಾದೇವಿ ಕಲ್ಲಿನ ಕೆಳಗೆ ಇಟ್ಟ ಕಿವಿಯ ಬಟ್ಟೆ ನಿನ್ನೆ ಗದ್ದಲದಲ್ಲಿ ಅಲ್ಲೇ ಉಳಿದಿತ್ತು. ಇಂದು ಬರುವ ಮೊದಲು ನಾನು ಕೆರೆಗೆ ಹೋಗಿ ಬೀರಪ್ಪನ ಎದುರಿಗೆ ಅದನ್ನು ತೆಗೆದು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ತಂದಿದ್ದೇನೆ. ಮಡಿಕೆ ಮುರಿದಿಲ್ಲ, ಕಲ್ಲಿನ ಗುರುತು ಇದೆ. ತಿರುಗಿ ಕಟ್ಟಿಕೊಳ್ಳುವ ಇಚ್ಛೆ ಇಲ್ಲದವಳು ಇದನ್ನು ಒದ್ದೆಯಾಗದಂತೆ ಇಡುತ್ತಿರಲಿಲ್ಲ. ಇದು ಮುದ್ದೆಮಾಲು, ಕೇಸಿನ ಸಾಕ್ಷಿಯ ವಸ್ತುವಾದ್ದರಿಂದ ಠಾಣೆಯಲ್ಲಿಯೇ ಇರಬೇಕಾಗುತ್ತದೆ ಎಂದು ಜಮಾದಾರರು ಹೇಳಿದರು. ಯಮುನಾಬಾಯಿ ತಾನು ಹೊದ್ದುಕೊಂಡು ಬಂದ ಉಣ್ಣೆಯ ಶಾಲನ್ನು ಮಾದೇವಿಗೆಂದು, ಸೊಸೆಯ ಕೇಸು ಏನಾಗುವುದೋ ಎಂದು ಬಂದು ಹೊರಗೆ ಕುಳಿತಿದ್ದ ಹೊಳೆವ್ವನ ಕೈಯಲ್ಲಿ ಕೊಟ್ಟಳು.

ಕೆರೆಯಲ್ಲಿ ಇಂದು ಕಂಡದ್ದನ್ನೂ ಹೇಳುತ್ತೇನೆ. ಮರಿಗಳ ಗುಂಪು ಅಲ್ಲಿಯೇ ಇದೆ. ಬೆನ್ನು ಕಪ್ಪಾಗತೊಡಗಿದೆ. ಕೆಳಗೆ ಎರಡು ದೊಡ್ಡ ಮೀನುಗಳಿವೆ. ಒಂದರ ಬಾಯಿಯಿಂದ ಗೇಣುದ್ದದ ದಾರ ಜೋಲುತ್ತಿದೆ. ಬೀರಪ್ಪನೂ ಅದನ್ನು ನೋಡಿದ್ದಾನೆ. ಗುಂಪು ಸರಿದಿದ್ದರಿಂದ ಕೋಲು ದೂರವಾಗಿತ್ತು. ಬೀರಪ್ಪ ನೀರಿಗೆ ಇಳಿದು ಅದನ್ನು ಕಿತ್ತು ಗುಂಪಿನ ಹತ್ತಿರ ನೆಟ್ಟ. ಮರಿ ಚೆದರಿದ ದಿನ ಮಾದೇವಿಯೇ ಬಂದು ಅದನ್ನು ಕೀಳಬೇಕು, ಕೈಯಲ್ಲಿ ಕೂಸಿಲ್ಲದಿದ್ದರೂ ಅವಳೇ ಕೀಳಬೇಕು ಎಂದು ಹೊಳೆವ್ವ ಹೇಳಿದ್ದಾಳೆ. ಆ ದಿನ ಅವಳು ಕೆರೆಗೆ ಹೋದರೆ ಯಾರೂ ಹೆದರಿ ಅಡ್ಡಬರಬಾರದು ಎಂಬುದಕ್ಕಾಗಿ ಈ ಹೇಳಿಕೆ ಕೊಟ್ಟಿದ್ದೇನೆ.

ಬರೆದದ್ದನ್ನು ಜಮಾದಾರರು ನನಗೆ ಓದಿ ಹೇಳಿದರು. ಒಂದು ಕಡೆ ‘ಮಾದೇವಿ ನೀರಿಗೆ ಬಿದ್ದಾಗ’ ಎಂದು ಬಂದಿತ್ತು. ಅವಳು ಬೀಳಲಿಲ್ಲ, ಆಳ ನೋಡಿಕೊಂಡು ಇಳಿದಳು ಎಂದು ಹೇಳಿದೆ. ಜಮಾದಾರರು ಅದನ್ನು ಹೊಡೆದುಹಾಕಿ ‘ಇಳಿದಾಗ’ ಎಂದು ಬರೆದು ಪಕ್ಕದಲ್ಲಿ ಸಹಿ ಮಾಡಿದ್ದಾರೆ. ಉಳಿದದ್ದು ನಾನು ಕಂಡಂತೆಯೇ ಇದೆ, ಕಾಣದ್ದನ್ನು ಸೇರಿಸಿಲ್ಲ.

ಸ್ಥಳ: ಹಾನಗಲ್
ತಾರೀಖು: 7 ಆಗಸ್ಟ್ 1961, ಸೋಮವಾರ

(ಸಹಿ) ನರಸಿಂಹ ರಾಮಾಚಾರ್ಯ ಹುಲಗೂರ

ಖಣದ ತುಂಡು ನನ್ನದೇ:
(ಸಹಿ) ಯಮುನಾಬಾಯಿ ಗಂಡ ನರಸಿಂಹ ಹುಲಗೂರ